ಹೆಣ ಕಾಣದ ಕೊಲೆಯ ಫೋಟೋ

ಪ್ರೀತಿಯ ತಂಗಿ,

ನ್ಯೂಯಾರ್ಕಿನ ಬೀದಿ, ಅಪರಾಧಗಳನ್ನು ಸೆರೆಹಿಡಿದ ಪತ್ರಿಕಾ ಫೋಟೋಗ್ರಾಫರ್ ವೀಜಿಯ ಫೋಟೋಗಳ ಬಗ್ಗೆ ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಚೆನ್ನಾಗಿದೆ ಅಂತ ಸುಮ್ನೆ ಹೇಳಿ ಮುಗಿಸಬಹುದಿತ್ತು. ಆದರೆ ಮೊದಲ ಪ್ಯಾರಾದಲ್ಲೇ ‘ಭೀಕರ’, ‘ಕರಾಳ’, ‘ಮನಕಲಕುವ’ ಮೂರೂ ಬಂದಿವೆ, ಫೋಟೋದಲ್ಲಿ ಏನಿದೆ ಅನ್ನೋದು ಮಾತ್ರ ಎಲ್ಲೂ ಬಂದಿಲ್ಲ.

ಅಮೆರಿಕದ ಗೆಟ್ಟಿ ಮ್ಯೂಸಿಯಂನಲ್ಲಿರುವ ‘ಅವರ ಮೊದಲ ಕೊಲೆ’ ಫೋಟೋವನ್ನೇ ತಗೋ. 1941ರ ಅಕ್ಟೋಬರ್, ನ್ಯೂಯಾರ್ಕಿನ ಬ್ರೂಕ್ಲಿನ್. ಶಾಲೆ ಬಿಟ್ಟ ಹೊತ್ತಿನಲ್ಲಿ ಒಬ್ಬ ಜೂಜುಕೋರನನ್ನು ಬೀದಿಯಲ್ಲೇ ಗುಂಡು ಹೊಡೆದು ಕೊಂದಿದ್ದಾರೆ. ನೀನು ಹೆಣದ ಬಗ್ಗೆ ನಾಲ್ಕು ಸಾಲು ಬರೆದಿದ್ದೀಯ. ಫೋಟೋದಲ್ಲಿ ಹೆಣವೇ ಇಲ್ಲ ಅಲ್ವಾ! ಇರೋರೆಲ್ಲ ನೋಡುವವರು. ಮಕ್ಕಳು ಜಾತ್ರೆಯಲ್ಲಿ ತೇರು ನೋಡುವ ಹಾಗೆ ಕತ್ತು ಉದ್ದ ಮಾಡಿ ನುಗ್ಗುತ್ತಿದ್ದಾರೆ, ಒಬ್ಬ ಹುಡುಗ ಕ್ಯಾಮೆರಾ ನೋಡಿ ನಗುತ್ತಿದ್ದಾನೆ, ನಡುವೆ ಒಬ್ಬಳು ಹೆಂಗಸು ಮುಖ ಕಿವುಚಿಕೊಂಡು ಅಳುತ್ತಿದ್ದಾಳೆ. ಅವಳು ಸತ್ತವನ ‘ಆಂಟ್’. ಸೋದರತ್ತೆಯೋ ಚಿಕ್ಕಮ್ಮನೋ, ಇಂಗ್ಲಿಷಿಗೆ ಅದು ಬೇಕಿಲ್ಲ, ಕನ್ನಡದಲ್ಲಿ ಬರೆಯುವ ನಮಗೆ ಮಾತ್ರ ಈ ತಲೆನೋವು. ಅದಕ್ಕೆ ಅಂತ ಅವಳನ್ನು ತಾಯಿ ಮಾಡಿಬಿಟ್ಟಿದ್ದೀಯಲ್ಲ, ತಿದ್ದು.

ನಿನ್ನನ್ನು ಬೈಯುವ ಹಕ್ಕು ನನಗೂ ಜಾಸ್ತಿ ಇಲ್ಲ. ವರದಿಗಾರಿಕೆಗೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಬಸ್ ಅಪಘಾತದ ಸುದ್ದಿಗೆ, ಜಾಗಕ್ಕೆ ಹೋಗದೆ, ‘ತಾಯಿಯ ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತ ಬರೆದೆ. ಎರಡು ದಿನ ಬಿಟ್ಟು ಆಕೆಯ ತಮ್ಮ ಆಫೀಸಿಗೆ ಬಂದರು. ಅಕ್ಕ ಅವತ್ತು ಅಳಲೇ ಇಲ್ಲ ಸಾರ್, ಮಗನ ಇನ್ನೊಂದು ಚಪ್ಪಲಿ ಹುಡುಕ್ತಾ ಇದ್ದಳು ಅಂದರು. ಟೀ ಕೂಡ ಕುಡಿಯದೆ ಹೋದರು.

ವೀಜಿ ಜಾಗಕ್ಕೆ ಹೋಗುತ್ತಿದ್ದ. ಅದೇ ಅವನ ದೊಡ್ಡ ವಿದ್ಯೆ. ಮ್ಯಾನ್‌ಹ್ಯಾಟನ್‌ನಲ್ಲಿ ಪೊಲೀಸ್ ಮುಖ್ಯ ಕಚೇರಿ ಪಕ್ಕದಲ್ಲೇ ಕೋಣೆ ಮಾಡಿಕೊಂಡಿದ್ದ, 1938ರಲ್ಲಿ ಕಾರಿನೊಳಗೆ ಪೊಲೀಸ್ ರೇಡಿಯೋ ಇಡಲು ಅನುಮತಿ ಪಡೆದ, ಡಿಕ್ಕಿಯಲ್ಲಿ ಟೈಪ್‌ರೈಟರ್, ಫ್ಲ್ಯಾಶ್ ಬಲ್ಬು, ಸಿಗಾರ್ ಎಲ್ಲ ತುಂಬಿಕೊಂಡು ರಾತ್ರಿಯಿಡೀ ತಿರುಗುತ್ತಿದ್ದ. ಕ್ಯಾಮೆರಾ ಸ್ಪೀಡ್ ಗ್ರಾಫಿಕ್, ಫೋಕಸ್ ಹತ್ತು ಅಡಿಗೆ ಮೊದಲೇ ಸೆಟ್. ಹೊಟ್ಟೆಪಾಡೂ ಇತ್ತು ಅನ್ನು. ಎರಡು ಕೊಲೆಯ ಫೋಟೋಗಳಿಗೆ ‘ಲೈಫ್’ ಪತ್ರಿಕೆ ಕೊಟ್ಟದ್ದು 35 ಡಾಲರ್.

ಆ ಹತ್ತು ಅಡಿಯನ್ನು ಸ್ವಲ್ಪ ಯೋಚಿಸು. ಬಲ್ಬಿನ ಬೆಳಕು ಅಷ್ಟು ದೂರದಲ್ಲಿರುವ ಮುಖಕ್ಕೆ ಬಡಿದು ಅದನ್ನು ಬೆಳ್ಳಗೆ ಮಾಡುತ್ತದೆ, ಹಿಂದಿನ ಬೀದಿ ತಲುಪುವಷ್ಟರಲ್ಲಿ ಸೋತುಹೋಗುತ್ತದೆ. ರಾತ್ರಿ ಫೋಟೋಗಳಲ್ಲಿ ನೀನು ಕಂಡ ‘ನ್ಯೂಯಾರ್ಕಿನ ಆತ್ಮದ ಕತ್ತಲು’ ಇದೆಯಲ್ಲ, ಅದರಲ್ಲಿ ಅರ್ಧ ಬಲ್ಬಿನ ಕೆಲಸ. ಆತ್ಮ ತೆಗೆದುಹಾಕು, ಬಲ್ಬು ಇಡು.

ಇನ್ನೊಂದು. 1943ರ ‘ವಿಮರ್ಶಕಿ’ ಫೋಟೋ. ಒಪೆರಾ ಅನ್ನೋ ಸಂಗೀತ ನಾಟಕಕ್ಕೆ ವಜ್ರ ಹಾಕಿಕೊಂಡು ಬಂದ ಇಬ್ಬರು ಶ್ರೀಮಂತೆಯರು, ಪಕ್ಕದಲ್ಲಿ ಅವರನ್ನು ದುರುಗುಟ್ಟಿ ನೋಡುವ ಬಡ ಹೆಂಗಸು. ‘ಸಮಾಜದ ಸಹಜ ಕ್ಷಣ’ ಅಂದಿದ್ದೀಯ. ಸಹಜ ಎಲ್ಲಿ ಬಂತು? ಆ ಹೆಂಗಸನ್ನು ಬಾರಿನಿಂದ ಕುಡಿಸಿ ಕರೆತಂದು ನಿಲ್ಲಿಸಿದ್ದು ವೀಜಿಯ ಸಹಾಯಕ, ವೀಜಿ ಹೇಳಿದ್ದಕ್ಕೆ. ಮುಂದೆ ಆ ಸಹಾಯಕನೇ ಹೇಳಿದ. ಇದು ಗೊತ್ತಾದರೆ ನಿನ್ನ ಲೇಖನ ಕೆಟ್ಟುಹೋಗುತ್ತದೆ ಅಂತ ಮುಚ್ಚಿಡಬೇಡ. ನನಗಂತೂ ಇದನ್ನು ತಿಳಿದ ಮೇಲೆ ಆ ಫೋಟೋ ನೋಡಲು ಇನ್ನೂ ಜಾಸ್ತಿ ಇಷ್ಟ, ವೀಜಿ ಮೇಲೆ ಸ್ವಲ್ಪ ಸಿಟ್ಟೂ ಇದೆ. ಎರಡನ್ನೂ ಬರೆಯಬಹುದು.

ಆಮೇಲೆ, ಬ್ರೂಕ್ಲಿನ್ ಫೋಟೋದಲ್ಲಿ ನಗುತ್ತಿರುವ ಆ ಹುಡುಗನನ್ನು ನೀನು ಪೂರ್ತಿ ಬಿಟ್ಟೇಬಿಟ್ಟಿದ್ದೀಯ. ಅವನಿಂದ ಶುರು ಮಾಡಿ ನೋಡು. ಹಬ್ಬಕ್ಕೆ ಊರಿಗೆ ಹೋಗುವ ಮೊದಲು ಕಳಿಸು, ಬಸ್ಸಿನಲ್ಲಿ ಓದುತ್ತೇನೆ.