ಮಗಳಿಗೊಂದು ಪತ್ರ: ಕುನ್ಮಿಂಗ್‌ನಿಂದ ಅಮ್ಮ

ಪ್ರೀತಿಯ ಪುಟ್ಟಿ,

ಎಂ.ಎ. ಮುಗಿದ ಕೂಡಲೇ ನೀನೂ ಚೀನಾಕ್ಕೆ ಬಂದು ಇಂಗ್ಲಿಷ್ ಕಲಿಸಬೇಕು ಅಂದುಕೊಂಡಿದ್ದೀಯ ಎಂದು ಓದಿ ಖುಷಿಯಾಯಿತು. ಆದರೆ ಅದರ ಕೆಳಗೇ ಇನ್ನೊಂದು ವಿಷಯ ಬರೆದಿದ್ದೀಯಲ್ಲ, ಯಾರೋ ಏಜೆಂಟ್ "ಬಿಸಿನೆಸ್ ವೀಸಾದಲ್ಲಿ ಹೋಗಿ ಶಿಶುವಿಹಾರಕ್ಕೆ ಸೇರಿಕೊಳ್ಳಿ, ಉಳಿದದ್ದು ಆಮೇಲೆ ಸರಿಮಾಡಿಸೋಣ" ಅಂದರಂತೆ. ಅದನ್ನು ಓದಿದ ಮೇಲೆ ನನಗೆ ಸಮಾಧಾನವಿಲ್ಲ. ಮೊದಲು ಆ ವಿಷಯವನ್ನೇ ಬರೆದು ಮುಗಿಸುತ್ತೇನೆ.

ಇಲ್ಲಿ ಸಂಬಳಕ್ಕೆ ದುಡಿಯಲು ಝಡ್ ವೀಸಾ ಬೇಕು. ಕೆಲಸ ಕೊಡುವ ಸಂಸ್ಥೆಯೇ ಮೊದಲು ಅನುಮತಿ ಪಡೆದು ಕಾಗದ ಕಳಿಸಬೇಕು, ಅದನ್ನು ತೋರಿಸಿ ವೀಸಾ ಪಡೆಯಬೇಕು, ಬಂದಿಳಿದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬಿಸಿನೆಸ್ ವೀಸಾದಲ್ಲಿ ಬಂದು ಪಾಠ ಮಾಡುವುದು ಅಪರಾಧ. 2013ರ ಜುಲೈನಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಅಂಥವರಿಗೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ. ದೇಶದಿಂದ ಹೊರಗೂ ಕಳಿಸಬಹುದು. ಅದಕ್ಕಿಂತ ನನಗೆ ಭಯವಾಗುವುದು ಬೇರೆ ಕಾರಣಕ್ಕೆ. ಕಾಗದ ಸರಿಯಿಲ್ಲದ ಹುಡುಗಿಗೆ ಸಂಬಳ ಕೊಡದಿದ್ದರೂ, ರಾತ್ರಿಯವರೆಗೆ ದುಡಿಸಿದರೂ, ಅವಳು ಯಾರ ಬಳಿಯೂ ಹೋಗಿ ದೂರು ಕೊಡಲಾರಳು. ವಿದ್ಯಾರ್ಥಿ ವೀಸಾದಲ್ಲಿ ಬಂದರೂ ಅಷ್ಟೆ, ವಿಶ್ವವಿದ್ಯಾಲಯ ಮತ್ತು ಪೊಲೀಸ್ ಕಚೇರಿಯ ಒಪ್ಪಿಗೆಯಿಲ್ಲದೆ ಪಾರ್ಟ್‌ಟೈಮ್ ಪಾಠವನ್ನೂ ಮಾಡುವಂತಿಲ್ಲ.

ಇನ್ನೊಂದು ಕಹಿ ಸಂಗತಿಯನ್ನು ಆ ಏಜೆಂಟ್ ನಿನಗೆ ಹೇಳಿರಲಾರ. 2017ರಲ್ಲಿ ಇಡೀ ದೇಶಕ್ಕೆ ಒಂದೇ ಕೆಲಸದ ಪರವಾನಗಿ ವ್ಯವಸ್ಥೆ ತಂದರು. ಭಾಷೆ ಕಲಿಸಲು ಬರುವ ವಿದೇಶಿಯರು ಸಾಮಾನ್ಯವಾಗಿ ತಮ್ಮ ತಾಯ್ನುಡಿಯನ್ನೇ ಕಲಿಸಬೇಕು ಎಂಬುದು ಅದರ ನಿಯಮ. ಹೀಗಾಗಿ ಇಂಗ್ಲಿಷಿಗೆ ಅವರು ಹುಡುಕುವುದು ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟನ್ನು. ನನಗೆ ದಾರಿ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ ಓದಿದ ಪದವಿ ಮತ್ತು ಊರಿನ ಕಾಲೇಜಿನಲ್ಲಿ ಕಳೆದ ವರ್ಷಗಳಿಂದ. ನಿಯಮವನ್ನು ಎಷ್ಟು ಬಿಗಿಯಾಗಿ ಪಾಲಿಸುತ್ತಾರೆ ಎನ್ನುವುದೂ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಒಳ್ಳೆಯ ಶಿಕ್ಷಕಿಯ ಅರ್ಜಿಯನ್ನು ಪಾಸ್‌ಪೋರ್ಟಿನ ಬಣ್ಣ ನೋಡಿ ಪಕ್ಕಕ್ಕಿಡುವುದು ಅನ್ಯಾಯ. ನನಗೆ ಈಗಲೂ ಸಿಟ್ಟು ಬರುತ್ತದೆ. ಯಾಕೆ ಅಂತ ಅರ್ಥವಾಗಬೇಕಾದರೆ ನನ್ನ ಕ್ಲಾಸಿನ ವಿಷಯ ಹೇಳಬೇಕು.

ನಾನು ಮಾತಾಡುವ ಇಂಗ್ಲಿಷ್ ಕಲಿಸುವುದು ಕಾಲೇಜಿನ ಮೊದಲ ವರ್ಷದವರಿಗೆ. ಇಲ್ಲಿನ ಮಕ್ಕಳು ಮೂರನೇ ತರಗತಿಯಿಂದಲೇ ಇಂಗ್ಲಿಷ್ ಓದಿರುತ್ತಾರೆ. ಜೂನ್ 7ರಂದು ಶುರುವಾಗುವ ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚಿನ ಕಡೆ ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷಿಗೇ 150. ಹಾಗಾಗಿ ವ್ಯಾಕರಣದಲ್ಲಿ ಗಟ್ಟಿ. ಶಬ್ದಗಳ ಪಟ್ಟಿ ಬಾಯಿಪಾಠ. ಬೆಳಿಗ್ಗೆ ಮರದ ಕೆಳಗೆ ನಿಂತು ಗಟ್ಟಿಯಾಗಿ ಪಾಠ ಓದುವವರನ್ನು ದಿನವೂ ನೋಡುತ್ತೇನೆ. ಆದರೆ ಕ್ಲಾಸಿನಲ್ಲಿ "ಯಾರು ಹೇಳುತ್ತೀರಿ?" ಎಂದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಉತ್ತರ ಗೊತ್ತಿರುತ್ತದೆ, ಪುಸ್ತಕದಲ್ಲಿ ಬರೆದೂ ಇರುತ್ತಾರೆ. ತಪ್ಪಾದರೆ ಎಲ್ಲರೆದುರು ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ. ಇದನ್ನು ದಡ್ಡತನ, ಸೋಮಾರಿತನ ಎಂದುಕೊಂಡು ಬೇಸತ್ತ ವಿದೇಶಿ ಶಿಕ್ಷಕರನ್ನು ಕಂಡಿದ್ದೇನೆ. ನನಗೆ ಮಾತ್ರ ಅದು ನಮ್ಮ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಪಿಯುಸಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರಲ್ಲ, ಅದೇ ಮೌನ. ನಾನು ಹಾಗೆ ಕೂತವಳೇ.

ಅದಕ್ಕೆ ನಾನು ಯಾರನ್ನೂ ಥಟ್ಟನೆ ಎಬ್ಬಿಸುವುದಿಲ್ಲ. ಮೊದಲು ಬರೆದುಕೊಳ್ಳಲು ಸಮಯ ಕೊಡುತ್ತೇನೆ, ಆಮೇಲೆ ಪಕ್ಕದವರಿಗೆ ಹೇಳಬೇಕು, ಆಮೇಲೆ ನಾಲ್ವರ ಗುಂಪಿನಲ್ಲಿ. ಇಡೀ ಕ್ಲಾಸಿಗೆ ಹೇಳುವ ಹೊತ್ತಿಗೆ ಆ ವಾಕ್ಯ ಮೂರು ಸಲ ಬಾಯಿಂದ ಹೊರಟಿರುತ್ತದೆ. ಮಾತಾಡುವಾಗ ತಪ್ಪು ತಿದ್ದುವುದಿಲ್ಲ, ಗುರುತು ಹಾಕಿಕೊಂಡು ಕೊನೆಗೆ ಹೆಸರು ಹೇಳದೆ ಬೋರ್ಡಿನ ಮೇಲೆ ಬರೆಯುತ್ತೇನೆ.

ತಪ್ಪುಗಳಿಗೂ ಕಾರಣ ಇದೆ, ಪುಟ್ಟಿ. ಮ್ಯಾಂಡರಿನ್‌ನಲ್ಲಿ ಅವನು, ಅವಳು ಎರಡಕ್ಕೂ ಉಚ್ಚಾರ ಒಂದೇ, ಅಕ್ಷರ ಮಾತ್ರ ಬೇರೆ. ಅದಕ್ಕೇ ಅಮ್ಮನ ಬಗ್ಗೆ ಹೇಳುವಾಗ "ಹಿ" ಎಂದುಬಿಡುತ್ತಾರೆ. ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಹಾಗಾಗಿ "ಯೆಸ್ಟರ್‌ಡೇ ಐ ಗೋ." ಪದದ ಕೊನೆಗೆ ಟ್, ಡ್, ಕ್ ಬರುವುದೇ ಇಲ್ಲ, ಆದ್ದರಿಂದ ಇಂಗ್ಲಿಷಿನಲ್ಲಿ ಅದನ್ನು ನುಂಗುತ್ತಾರೆ, ಇಲ್ಲವೇ ನಾವು ಬಸ್ಸು, ಲೈಟು ಅಂದ ಹಾಗೆ ಕೊನೆಗೊಂದು ಸ್ವರ ಅಂಟಿಸುತ್ತಾರೆ. ಇಂಗ್ಲಿಷನ್ನು ಹಾಲಿನ ಜೊತೆ ಕುಡಿದವರಿಗೆ ಇದು ಎಲ್ಲಿ ತೊಡರುತ್ತದೆ ಎಂದು ಕಾಣುವುದು ಕಷ್ಟ. ನಾವು ಅದೇ ದಾರಿಯಲ್ಲಿ ಎಡವಿ ಬಂದವರು, ಯಾವ ಕಲ್ಲು ಎಲ್ಲಿದೆ ಎಂದು ಗೊತ್ತು. ಇಂಗ್ಲಿಷ್ ಎರಡನೇ ಭಾಷೆಯಾದವರೇ ಈ ಕೆಲಸಕ್ಕೆ ಹೆಚ್ಚು ತಕ್ಕವರು ಎಂದು ನಾನು ನಂಬಿದ್ದೇನೆ.

ಕುನ್ಮಿಂಗ್ ಇರುವ ಯುನ್ನಾನ್‌ನಲ್ಲಿ ಇದು ಇನ್ನೂ ನಿಜ. ಈ ಪ್ರಾಂತ್ಯದಲ್ಲಿ ತಲೆತಲಾಂತರದಿಂದ ನೆಲೆಸಿರುವ ಅಲ್ಪಸಂಖ್ಯಾತ ಜನಾಂಗಗಳೇ 25. ನನ್ನ ಕ್ಲಾಸಿನಲ್ಲಿ ಯಿ, ಬಾಯ್, ಹಾನಿ, ದಾಯ್ ಮನೆಗಳ ಮಕ್ಕಳಿದ್ದಾರೆ. ಅವರಲ್ಲಿ ಹಲವರು ಮನೆಯಲ್ಲಿ ಒಂದು ಮಾತು ಆಡಿ, ಶಾಲೆಯಲ್ಲಿ ಮ್ಯಾಂಡರಿನ್ ಕಲಿತು, ಆಮೇಲೆ ಇಂಗ್ಲಿಷಿಗೆ ಬಂದವರು. ಮನೆಯಲ್ಲಿ ತುಳು, ಕೊಂಕಣಿ, ಕೊಡವ ತಕ್ಕ್ ಆಡಿ ಕನ್ನಡ ಶಾಲೆಗೆ ಬಂದ ನಿನ್ನ ಸಹಪಾಠಿಗಳ ಬಗ್ಗೆ ಹೇಳಿದಾಗ ಹಾನಿ ಜನಾಂಗದ ಒಬ್ಬ ಹುಡುಗಿ ಮೊದಲ ಬಾರಿ ತಾನಾಗಿ ಕೈಯೆತ್ತಿ, ತನ್ನಜ್ಜಿಗೆ ಮ್ಯಾಂಡರಿನ್ ಬರುವುದಿಲ್ಲ, ಆಸ್ಪತ್ರೆಗೆ ಹೋದರೆ ತಾನೇ ದುಭಾಷಿ ಎಂದು ಹೇಳಿದಳು. ಕಾಲ, ಲಿಂಗ ಎಲ್ಲ ಅದಲುಬದಲಾಗಿತ್ತು. ಇಡೀ ಕ್ಲಾಸಿಗೆ ಅರ್ಥವಾಯಿತು.

ಆನ್‌ಲೈನ್ ಪಾಠದ ಬಗ್ಗೆಯೂ ಕೇಳಿದ್ದೀಯ. ಶಾಲಾ ಮಕ್ಕಳಿಗೆ ಹೊರದೇಶದಲ್ಲಿ ಕೂತು ಕಲಿಸುವ ದೊಡ್ಡ ಉದ್ಯಮವೇ ಇತ್ತು. 2021ರ ಜುಲೈನಲ್ಲಿ, ಮಕ್ಕಳ ಮೇಲಿನ ಹೋಂವರ್ಕ್ ಮತ್ತು ಟ್ಯೂಷನ್ ಹೊರೆ ಇಳಿಸಲು ಬಂದ "ಎರಡು ಹೊರೆ ಇಳಿಕೆ" ನೀತಿ ಟ್ಯೂಷನ್ ಕಂಪನಿಗಳು ವಿದೇಶದಲ್ಲಿರುವವರಿಂದ ಪಾಠ ಮಾಡಿಸುವುದನ್ನೇ ನಿಷೇಧಿಸಿತು. ಈಗಲೂ ಹಾಗೆ ಆಸೆ ತೋರಿಸುವವರಿಂದ ದೂರವಿರು.

ಊಟದ ಚಿಂತೆ ಬೇಡ ಅಂತ ಅಜ್ಜಿಗೆ ಹೇಳು. ಇಲ್ಲಿ ರೂಬಿಂಗ್ ಅಂತ ಮೇಕೆ ಹಾಲಿನ ಗಿಣ್ಣು ಸಿಗುತ್ತದೆ, ಹೆಚ್ಚುಕಡಿಮೆ ಪನೀರೇ. ಅಕ್ಕಿ ಶಾವಿಗೆಯೂ ಇದೆ, ಸಾರಿನಲ್ಲಿ ಮೂಳೆ ಬೇಯಿಸಿರುತ್ತಾರೆ ಅಂತ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಊರು ಸಮುದ್ರಮಟ್ಟದಿಂದ 1,900 ಮೀಟರ್ ಎತ್ತರದಲ್ಲಿದೆ, ಸೆಖೆ ಎಂಬುದಿಲ್ಲ.

ಈಗ ನೀನು ಮಾಡಬೇಕಾದ್ದು. ಎಂ.ಎ. ಮುಗಿಸಿ ಬಿ.ಎಡ್. ಸೇರು. ಊರಿನ ಯಾವುದಾದರೂ ಹೈಸ್ಕೂಲಿನಲ್ಲಿ, ಸಾಧ್ಯವಾದರೆ ಕನ್ನಡ ಮಾಧ್ಯಮದ್ದರಲ್ಲೇ, ಎರಡು ವರ್ಷ ಪಾಠ ಮಾಡು. ಇಲ್ಲಿ ಅನುಭವ ಕೇಳುವಾಗ ಕನಿಷ್ಠ ಎರಡು ವರ್ಷದ್ದು ಕೇಳುತ್ತಾರೆ, ಆದರೆ ನಾನು ಹೇಳುವುದು ಬರೀ ಅದಕ್ಕಲ್ಲ. ಬಾಯಿ ಬಿಡದ ಮಗುವಿನ ಎದುರು ಕಾಯುವುದನ್ನು ನೀನು ಅಲ್ಲಿಯೇ ಕಲಿಯುತ್ತೀಯ. ಅಷ್ಟಾದ ಮೇಲೂ ಬರಬೇಕೆನಿಸಿದರೆ ಇಂಗ್ಲೆಂಡಿನಲ್ಲೋ ಐರ್ಲೆಂಡಿನಲ್ಲೋ ಒಂದು ಪದವಿಗೆ ಸ್ಕಾಲರ್‌ಶಿಪ್ ಹುಡುಕೋಣ. ಆಗ ಅರ್ಜಿಯನ್ನು ಎದೆಯುಬ್ಬಿಸಿಕೊಂಡೇ ಹಾಕಬಹುದು.

ಆ ಏಜೆಂಟಿಗೆ ಮುಂಗಡ ಕೊಡಬೇಡ. ಪಾಸ್‌ಪೋರ್ಟಿನ ಅಸಲು ಕೊಡಬೇಡ, ಕೊಟ್ಟಿದ್ದರೆ ನಾಳೆಯೇ ಅಪ್ಪನನ್ನು ಕರೆದುಕೊಂಡು ಹೋಗಿ ವಾಪಸು ತೆಗೆದುಕೋ. ಅವರು ಕೊಟ್ಟ ಕರಾರು ಪತ್ರದ ಫೋಟೋ ಕಳಿಸು, ಚೀನೀ ಭಾಷೆಯಲ್ಲಿರುವ ಪುಟಗಳೂ ಸೇರಿ. ನನ್ನ ಸಹೋದ್ಯೋಗಿಯಿಂದ ಓದಿಸಿ ಅದರಲ್ಲಿ ಏನಿದೆ ಎಂದು ಭಾನುವಾರ ಫೋನಿನಲ್ಲಿ ಹೇಳುತ್ತೇನೆ. ನಿಮ್ಮ ಏಳು ಗಂಟೆ ಅಂದರೆ ನನಗೆ ಒಂಬತ್ತೂವರೆ, ಎದ್ದಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಮ್ಮ