ಶಾಲೆಯ ಗೇಟಿನಾಚೆಯ ನಡವಳಿಕೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಾದರ ನಮಸ್ಕಾರಗಳು. ಒಂದು ವಿಡಿಯೊದ ವಿಷಯದಲ್ಲಿ ಮೂವರು ವಿದ್ಯಾರ್ಥಿಗಳ ಮೇಲೆ ಶಾಲೆ ಕೈಗೊಂಡ ಕ್ರಮವನ್ನು ಕುರಿತು ಕಳೆದ ಎರಡು ವಾರಗಳಲ್ಲಿ ನಮ್ಮ ಕಚೇರಿಗೆ ಹನ್ನೊಂದು ಪತ್ರಗಳು ಬಂದಿವೆ. ಫೋನ್ ಕರೆಗಳನ್ನು ನಾನು ಎಣಿಸಿಲ್ಲ. ಮಾತಿನ ಧಾಟಿ ಬೇರೆಬೇರೆಯಾದರೂ ಕೇಳಿದ್ದು ಒಂದೇ. ನಡೆದದ್ದು ಭಾನುವಾರ, ನಡೆದದ್ದು ರಸ್ತೆಯಲ್ಲಿ, ಮಕ್ಕಳು ಸಮವಸ್ತ್ರದಲ್ಲಿರಲಿಲ್ಲ, ಫೋನು ನಮ್ಮದು, ಅದಕ್ಕೆ ರೀಚಾರ್ಜ್ ಮಾಡಿಸುವವರೂ ನಾವೇ. ಹೀಗಿರುವಾಗ ಶಾಲೆಗೆ ಇಲ್ಲೇನು ಕೆಲಸ? ಪ್ರಶ್ನೆ ಸಿಟ್ಟಿನಿಂದ ಬಂದಿದ್ದರೂ ನ್ಯಾಯವಾದದ್ದೇ. ಹನ್ನೊಂದು ಮನೆಗಳಿಗೆ ಹನ್ನೊಂದು ಬಗೆಯ ಉತ್ತರ ಹೋಗುವುದು ಬೇಡವೆಂದು ಎಲ್ಲರಿಗೂ ಈ ಒಂದೇ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಯಾವ ಮಗುವಿನ ಹೆಸರನ್ನೂ ತರಗತಿಯನ್ನೂ ಇಲ್ಲಿ ಬರೆಯುವುದಿಲ್ಲ. ಇಷ್ಟನ್ನು ಬರೆಯಲು, ನಗೆಗೆ ಗುರಿಯಾದ ವಿದ್ಯಾರ್ಥಿಯ ತಾಯಿಯ ಒಪ್ಪಿಗೆಯನ್ನು ಪಡೆದಿದ್ದೇನೆ. ಅವರ ಮನೆಯವರು ತಿಂಡಿ ಗಾಡಿ ನಡೆಸುತ್ತಾರೆ. ಭಾನುವಾರ ಬೆಳಿಗ್ಗೆ ಹುಡುಗ ಅಲ್ಲಿ ನಿಂತು ಪ್ಲೇಟುಗಳನ್ನು ಒರೆಸುತ್ತಿದ್ದ. ಅದೇ ದಾರಿಯಲ್ಲಿ ಹೋಗುತ್ತಿದ್ದ ನಮ್ಮದೇ ಶಾಲೆಯ ಹುಡುಗನೊಬ್ಬ ಅರ್ಧ ನಿಮಿಷವೂ ಇಲ್ಲದ ವಿಡಿಯೊ ತೆಗೆದು, ಅದಕ್ಕೊಂದು ಹಾಡು ಸೇರಿಸಿ, ಮಕ್ಕಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಅದು ಇನ್‌ಸ್ಟಾಗ್ರಾಮಿಗೂ ಹೋಯಿತು. ಸೋಮವಾರ ಮೊದಲ ಪಿರಿಯಡ್‌ನಲ್ಲಿ ಶಿಕ್ಷಕಿ ಹಾಜರಿ ಕರೆಯುತ್ತಾ ಆ ಹುಡುಗನ ನಂಬರಿಗೆ ಬಂದಾಗ, ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ "ಎರಡು ಪ್ಲೇಟ್ ಇಡ್ಲಿ, ಚಟ್ನಿ ಜಾಸ್ತಿ" ಎಂದು ಇಬ್ಬರು ಒಟ್ಟಿಗೆ ಕೂಗಿದರು. ಇಡೀ ತರಗತಿ ನಕ್ಕಿತು. ವಿಷಯ ಗೊತ್ತಿಲ್ಲದ ಶಿಕ್ಷಕಿಯೂ ಮುಗುಳ್ನಕ್ಕು ಮುಂದಿನ ನಂಬರು ಕರೆದರು. ಮಧ್ಯಾಹ್ನ ಹಾಜರಿ ತೆಗೆದಾಗಲೂ ಅದೇ ಆಯಿತು. ಮರುದಿನದಿಂದ ಆರು ದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಹೊಟ್ಟೆನೋವೆಂದು ಒಂದು ಚೀಟಿ ಬಂತು.

ವಿಷಯ ತಿಳಿದ ಮೇಲೆ ನಾವು ಮೂವರು ವಿದ್ಯಾರ್ಥಿಗಳನ್ನು ಮೂರು ದಿನ ತರಗತಿಯ ಬದಲು ಗ್ರಂಥಾಲಯದಲ್ಲಿ ಕೂರಿಸಿದೆವು ಮತ್ತು ಈ ವರ್ಷದ ಪ್ರವಾಸದಿಂದ ಅವರನ್ನು ಹೊರಗಿಟ್ಟೆವು. ಎಲ್.ಸಿ. (ಶಾಲೆ ಬಿಟ್ಟ ಪ್ರಮಾಣಪತ್ರ) ಕೊಟ್ಟು ಕಳಿಸುತ್ತಾರಂತೆ ಎಂಬ ಮಾತು ಎಲ್ಲಿಂದ ಹುಟ್ಟಿತೋ ತಿಳಿಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಮಿನ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಒಂಬತ್ತು, ಹತ್ತನೆಯ ತರಗತಿಗಳಲ್ಲೂ ನಾವು ಇದನ್ನೇ ಪಾಲಿಸುತ್ತೇವೆ. ಗ್ರಂಥಾಲಯದಲ್ಲಿ ಕೂರಿಸಿದ್ದೇ ಮಾನಸಿಕ ಕಿರುಕುಳವೆಂದು ಒಬ್ಬರು ಬರೆದಿದ್ದಾರೆ. ಆ ಮೂರು ದಿನವೂ ಮಕ್ಕಳ ಜೊತೆ ಒಬ್ಬರು ಶಿಕ್ಷಕರಿದ್ದರು, ಅಂದಂದಿನ ಪಾಠಗಳನ್ನು ಅಂದೇ ಬರೆಸಲಾಗಿದೆ, ಡಬ್ಬಿಯ ಹೊತ್ತಿನಲ್ಲಿ ಅವರು ಎಲ್ಲರ ಜೊತೆಗೇ ಉಂಡಿದ್ದಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಶಾಲೆ ಶಿಕ್ಷಿಸಿದ್ದು ಭಾನುವಾರವನ್ನಲ್ಲ, ಸೋಮವಾರವನ್ನು. ಇದು ಮಾತಿನ ಚಮತ್ಕಾರವೆಂದು ಕೆಲವರಿಗೆ ಅನಿಸಬಹುದು, ಆದ್ದರಿಂದ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಆ ವಿಡಿಯೊ ಫೋನುಗಳಲ್ಲೇ ಉಳಿದು, ನಗುವವರು ಮನೆಯಲ್ಲೇ ನಕ್ಕು ಮುಗಿಸಿದ್ದರೆ, ಅದು ಎಷ್ಟೇ ಕೀಳಾದ ನಗುವಾಗಿದ್ದರೂ, ನಾವು ನಿಮಗೆ ತಿಳಿಸಿ ಸುಮ್ಮನಾಗುತ್ತಿದ್ದೆವು. ಅದು ತರಗತಿಯೊಳಗೆ ಬಂದು ಹಾಜರಿ ಪುಸ್ತಕದ ಮುಂದೆ ನಿಂತಾಗ, ಒಂದು ಮಗು ತನ್ನ ಬೆಂಚಿಗೆ ಬರಲಾಗದೆ ಆರು ದಿನ ಮನೆಯಲ್ಲಿ ಉಳಿದಾಗ, ಅದು ನಿಮ್ಮ ಮನೆಯ ವಿಷಯವಾಗಿ ಉಳಿಯಲಿಲ್ಲ, ಆ ಮಗುವಿನ ತಾಯಿ ನನ್ನೆದುರು ಕುಳಿತು ಅದೇ ನ್ಯಾಯದಿಂದ ಇನ್ನೊಂದು ಪ್ರಶ್ನೆ ಕೇಳಿದರು: "ನನ್ನ ಮಗನನ್ನು ನಾನು ಯಾವ ಧೈರ್ಯದ ಮೇಲೆ ಇಲ್ಲಿಗೆ ಕಳಿಸಲಿ?" ಅವರಿಗೆ "ಅದು ಭಾನುವಾರ ನಡೆದದ್ದು ತಾಯೀ" ಎಂದು ಹೇಳಲು ನನಗೆ ಸಾಧ್ಯವಾಗಲಿಲ್ಲ.

ಮನೆಯ ಅಧಿಕಾರವನ್ನು ಶಾಲೆ ಕಿತ್ತುಕೊಳ್ಳುತ್ತಿದೆ ಎಂಬ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಾತನ್ನು ಸಲಿಗೆಯಿಂದ ಹೇಳಲೇ? ಗೇಟಿನಾಚೆಗೆ ಕೈ ಚಾಚಿರೆಂದು ನಮ್ಮನ್ನು ಕೇಳುವವರೂ ನೀವೇ. ಇಲ್ಲಿನ ಉದ್ಯಾನವಾದ ಫೈವ್ ಗಾರ್ಡನ್ಸ್‌ನಲ್ಲಿ ಮಗಳು ಯಾರ ಜೊತೆಯೋ ಮಾತನಾಡುತ್ತಾ ಕೂತಿದ್ದಳೆಂದು, ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಮಗ ರಾತ್ರಿ ಎರಡರವರೆಗೆ ಕುಣಿದನೆಂದು, ಶಾಲೆಯಲ್ಲೇ ಶಿಸ್ತಿನ ಕ್ರಮ ಕೈಗೊಳ್ಳಿ ಎಂಬ ಮನವಿಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ. ಇಂಥವುಗಳಲ್ಲಿ ನಾವು ಶಿಕ್ಷೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹಾರ್ಬರ್ ಲೈನಿನ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವರನ್ನು ಕಂಡರೆ ನಿಮಗೆ ಫೋನ್ ಮಾಡುತ್ತೇವೆ, ಅಷ್ಟೆ. ಅದಕ್ಕೆ ರೈಲ್ವೆ ಪೊಲೀಸರಿದ್ದಾರೆ, 1989ರ ರೈಲ್ವೆ ಕಾಯ್ದೆ ಇದೆ. ಶಾಲೆಯನ್ನು, ಶಿಕ್ಷಕರನ್ನು, ನನ್ನನ್ನು ಕುರಿತು ಮಕ್ಕಳು ತಮ್ಮ ಗುಂಪಿನಲ್ಲಿ ಏನು ಬರೆದುಕೊಳ್ಳುತ್ತಾರೋ ಅದಕ್ಕೂ ಶಿಕ್ಷೆಯಿಲ್ಲ. ನನ್ನ ನಡಿಗೆಯನ್ನು ಅಣಕಿಸುವ ಒಂದು ವಿಡಿಯೊ ಇದೆಯೆಂದು ನನಗೆ ತಿಳಿದಿದೆ. ಚೆನ್ನಾಗಿಯೇ ಮಾಡಿದ್ದಾರೆ.

ವಕೀಲರಾಗಿರುವ ಒಬ್ಬ ಪೋಷಕರು ಅಮೆರಿಕದ ಸುಪ್ರೀಂ ಕೋರ್ಟಿನ 2021ರ ತೀರ್ಪೊಂದನ್ನು ಕಳಿಸಿದ್ದಾರೆ. ಅವರಿಗೆ ಧನ್ಯವಾದಗಳು, ನಾನದನ್ನು ಓದಿದೆ. ಪೆನ್ಸಿಲ್ವೇನಿಯಾದ ಒಬ್ಬ ವಿದ್ಯಾರ್ಥಿನಿ ಶಾಲೆಯ ಚಿಯರ್‌ಲೀಡಿಂಗ್ (ಆಟಗಾರರನ್ನು ಹುರಿದುಂಬಿಸುವ ಕುಣಿತದ) ಮುಖ್ಯ ತಂಡಕ್ಕೆ ಆಯ್ಕೆಯಾಗಲಿಲ್ಲವೆಂದು ಶನಿವಾರ ಅಂಗಡಿಯೊಂದರಲ್ಲಿ ಕುಳಿತು ಶಾಲೆಯನ್ನು ಬೈದು ಸ್ನ್ಯಾಪ್‌ಚಾಟಿನಲ್ಲಿ ಹಾಕಿದ್ದಳು. ಶಾಲೆ ಅವಳನ್ನು ಕಿರಿಯರ ತಂಡದಿಂದಲೂ ಒಂದು ವರ್ಷ ಹೊರಗಿಟ್ಟಿತು. ಎಂಟಕ್ಕೆ ಒಂದು ಮತದಿಂದ ನ್ಯಾಯಾಲಯವು ವಿದ್ಯಾರ್ಥಿನಿಯ ಪರವಾಗಿ ನಿಂತಿತು. ಮಗುವಿನ ದಿನದ ಇಪ್ಪತ್ತನಾಲ್ಕು ಗಂಟೆಯ ಮಾತನ್ನೂ ಶಾಲೆ ಆಳತೊಡಗಿದರೆ ಶಾಲೆಗೆ ಹಿಡಿಸದ ಮಾತನ್ನು ಮಗು ಎಲ್ಲಿಯೂ ಆಡಲಾಗದೆ ಹೋಗುತ್ತದೆ ಎಂಬುದು ಅಲ್ಲಿನ ತರ್ಕ. ನಮ್ಮ ವಕೀಲ ಪೋಷಕರು ಗುರುತು ಹಾಕದೆ ಬಿಟ್ಟ ಭಾಗವೂ ಅದೇ ತೀರ್ಪಿನಲ್ಲಿದೆ: ಶಾಲೆಯ ಹೊರಗಿನದಾದರೂ ನಿರ್ದಿಷ್ಟ ವ್ಯಕ್ತಿಯನ್ನು ಗುರಿಯಾಗಿಸಿಕೊಂಡ ತೀವ್ರ ಕಿರುಕುಳದಲ್ಲಿ, ಶಿಕ್ಷಕರಿಗೆ ಅಥವಾ ವಿದ್ಯಾರ್ಥಿಗಳಿಗೆ ಒಡ್ಡಿದ ಬೆದರಿಕೆಯಲ್ಲಿ ಕ್ರಮ ಕೈಗೊಳ್ಳಲು ಶಾಲೆಗೆ ಆಸ್ಪದ ಇರಬಹುದು. ಇಂಗ್ಲೆಂಡಿನ 2006ರ ಶಿಕ್ಷಣ ಮತ್ತು ತಪಾಸಣೆ ಕಾಯ್ದೆಯಂತೂ ಆವರಣದ ಹೊರಗಿನ ನಡವಳಿಕೆಯ ಮೇಲೂ ಮುಖ್ಯೋಪಾಧ್ಯಾಯರಿಗೆ ಯುಕ್ತವಾದ ಮಟ್ಟಿಗೆ ಅಧಿಕಾರ ಕೊಟ್ಟಿದೆ. ಅವರ ಕಾನೂನು ನಮ್ಮನ್ನು ಕಟ್ಟುವುದಿಲ್ಲ. ಆದರೆ ಗೇಟು ದಾಟಿದೊಡನೆ ಶಾಲೆಯ ಕೈ ಪೂರ್ತಿ ಕಟ್ಟಿಹೋಗುತ್ತದೆ ಎಂಬ ವಾದಕ್ಕೆ ಆ ತೀರ್ಪನ್ನು ಆಧಾರವಾಗಿ ಕೊಡುವುದು ಸರಿಯಲ್ಲ.

ನಮ್ಮ ಕಡೆಯ ತಪ್ಪೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಮೂವರಿಗೂ ಒಂದೇ ಶಿಕ್ಷೆ ಕೊಟ್ಟದ್ದು ಅವಸರದ ಕೆಲಸ. ಕೂಗಿದವರು ಇಬ್ಬರು. ಮೂರನೆಯವನು, ಅಂದರೆ ವಿಡಿಯೊ ತೆಗೆದವನು, ಬೇರೆ ವಿಭಾಗದವನು. ಸೋಮವಾರ ಆ ತರಗತಿಯಲ್ಲಿ ಅವನಿರಲೇ ಇಲ್ಲ. ನಾನು ಮೇಲೆ ಹೇಳಿದ ಮಾತಿಗೆ ನಾನೇ ಬದ್ಧಳಾಗಿರಬೇಕಾದರೆ ಅವನನ್ನು ಭಾನುವಾರಕ್ಕಾಗಿಯೇ ಶಿಕ್ಷಿಸಿದಂತಾಯಿತು. ಆದ್ದರಿಂದ ಅವನ ಪ್ರವಾಸದ ನಿರ್ಬಂಧವನ್ನು ಹಿಂದಕ್ಕೆ ಪಡೆದಿದ್ದೇನೆ. ಕಳೆದ ಮೂರು ದಿನಗಳನ್ನು ಹಿಂದಿರುಗಿಸಲಾಗದು, ಅದಕ್ಕಾಗಿ ಅವನ ತಾಯಿತಂದೆಯರಲ್ಲಿ ವಿಷಾದ ಸೂಚಿಸಿದ್ದೇನೆ. "ಬೆಂಕಿ ಹಚ್ಚಿದವನು ಪ್ರವಾಸಕ್ಕೆ, ಗಾಳಿ ಹಾಕಿದವರು ಮನೆಗೆ" ಎಂದು ಉಳಿದಿಬ್ಬರ ಪೋಷಕರಲ್ಲಿ ಒಬ್ಬರು ಹೇಳಿದರು. ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಹುರುಳಿದೆ. ಆ ಅಮೆರಿಕದ ತೀರ್ಪನ್ನೇ ಹಿಡಿದು ಹೊರಟರೆ ಅವನನ್ನೂ ಶಾಲೆ ಕೇಳಬಹುದಾಗಿತ್ತೇನೋ. ಅಷ್ಟು ದೂರ ಹೋಗುವುದು ಬೇಡವೆಂದು ತೀರ್ಮಾನಿಸಿದ್ದು ನಾನು. ಇಂದು ಅವನ ಫೋನಿಗೆ ಕೈ ಹಾಕಿದರೆ ನಾಳೆ ಎಲ್ಲರ ಫೋನುಗಳನ್ನೂ ತೆರೆಸುವ ಶಾಲೆಯಾಗುತ್ತೇವೆ ಎಂಬ ಭಯ ನನಗಿದೆ. ವಿಡಿಯೊವನ್ನು ಅವನ ತಂದೆಯೇ ಮನೆಯಲ್ಲಿ ಅಳಿಸಿಸಿದ್ದಾರೆ. ಉಳಿದಿಬ್ಬರ ನಿರ್ಬಂಧ ಹಾಗೆಯೇ ಇರುತ್ತದೆ.

ಕೆಲವರು ಇದನ್ನು "ಮಕ್ಕಳ ತಮಾಷೆ" ಎಂದು ಕರೆದಿದ್ದಾರೆ. ಇರಬಹುದು, ಮಕ್ಕಳು ಕೆಟ್ಟವರಲ್ಲ. ಮೂವರನ್ನೂ ನಾನು ಅವರ ಮೊದಲ ತರಗತಿಯಿಂದ ಬಲ್ಲೆ. ಆದರೆ ಇದು ಮುಂಬಯಿಯ ಕನ್ನಡ ಶಾಲೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಮೆಟ್ರಿಕ್ ಮಾಡಿದವರ ಮಕ್ಕಳು, ಮೊಮ್ಮಕ್ಕಳು ನಮ್ಮಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಪ್ಲೇಟು ಒರೆಸುವುದು ಈ ಶಾಲೆಯಲ್ಲಿ ನಗೆಪಾಟಲಾಗುತ್ತದೆಂದು ನಾನು ಎಣಿಸಿರಲಿಲ್ಲ.

ಮುಂದೆ ಗೊಂದಲವಾಗದಿರಲೆಂದು ಶಾಲಾ ಡೈರಿಯಲ್ಲಿ ಒಂದು ನಿಯಮವನ್ನು ಅಂಟಿಸಲಾಗುವುದು: ಶಾಲೆಯ ಹೊರಗೆ ನಡೆದ ಸಂಗತಿಯನ್ನು ಯಾರಾದರೂ ಶಾಲೆಯೊಳಕ್ಕೆ ತಂದು ಸಹಪಾಠಿಯ ಕಲಿಕೆಗೆ ಅಥವಾ ಹಾಜರಿಗೆ ಅಡ್ಡಿಪಡಿಸಿದರೆ, ಹಾಗೆ ತಂದವರ ಮೇಲೆ ಮಾತ್ರ, ಪೋಷಕರನ್ನು ಕರೆಸಿ ಮಾತನಾಡಿದ ನಂತರವೇ ಕ್ರಮ ಕೈಗೊಳ್ಳಲಾಗುವುದು. ಈ ಸಲ ನಾವು ಮೊದಲು ಕ್ರಮ ಕೈಗೊಂಡು ಆಮೇಲೆ ನಿಮ್ಮನ್ನು ಕರೆದೆವು, ಅದು ಸರಿಯಾಗಲಿಲ್ಲ. ನಿಯಮದ ಪದಗಳ ಬಗ್ಗೆ ತಕರಾರಿದ್ದವರು ಈ ಶನಿವಾರ ಹನ್ನೊಂದು ಗಂಟೆಗೆ ಸಭಾಗೃಹಕ್ಕೆ ಬರಬೇಕು. ಪ್ರವಾಸದ ನಿರ್ಬಂಧ ಅಂದಿನ ಚರ್ಚೆಯ ವಿಷಯವಲ್ಲ.

ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಮಗುವಿನ ಪಕ್ಕದಲ್ಲಿ ಕುಳಿತು ಅದರ ತರಗತಿಯ ಗುಂಪನ್ನು ನೀವೂ ಒಮ್ಮೆ ನೋಡಬೇಕೆಂದು ವಿನಂತಿ.

ಆ ವಿದ್ಯಾರ್ಥಿ ಕಳೆದ ಗುರುವಾರದಿಂದ ತರಗತಿಗೆ ಬರುತ್ತಿದ್ದಾನೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಅವನು ಕಂಡರೆ ದಯವಿಟ್ಟು ನಿಲ್ಲಿಸಿ ವಿಚಾರಿಸಬೇಡಿ, ಸಮಾಧಾನವನ್ನೂ ಹೇಳಬೇಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ