ಮಗಳಿಗೊಂದು ಪತ್ರ: ಸ್ವರ ನಿಲ್ಲಿಸುವ ಕೈ

ಮಾಳಮಡ್ಡಿ, ಧಾರವಾಡ

ಪ್ರೀತಿಯ ಅವ್ವೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಕೇಳಿದೆ. ಮೊದಲು ಫೋನಿನಲ್ಲಿ, ಆಮೇಲೆ ನಿಮ್ಮಪ್ಪನ ಹೆಡ್‌ಫೋನ್ ಹಾಕಿಕೊಂಡು. ‘ಸ್ವರ ಎಲ್ಲಾ ಸರಿಯಾಗೇ ಬೀಳ್ತಾವ, ಆದ್ರೂ ನುಣುಪು ಬರವಲ್ದು, ಯಾಕಬೇ?’ ಅಂತ ಕೇಳಿದ್ದೀಯ. ಹೊಸ ಆಂಪ್ (ಆಂಪ್ಲಿಫೈಯರ್) ತಗೊಂಡರೆ ಸರಿಹೋದೀತಾ ಅಂತ ಬೇರೆ. ಸುಮ್ನೆ ದುಡ್ಡು ದಂಡ. ಸ್ವರ ಎಬ್ಬಿಸುವುದು ನಿನಗೆ ಚೆನ್ನಾಗಿ ಬಂದಿದೆ. ಎಬ್ಬಿಸಿದ್ದನ್ನು ನಿಲ್ಲಿಸುವುದು ಇನ್ನೂ ಬಂದಿಲ್ಲ. ಒರಟು ಕೇಳಿಸುತ್ತಿರುವುದು ಅದರಿಂದಲೇ.

ನನ್ನದು ತೊಡೆ ಮೇಲೆ ಇಟ್ಟುಕೊಂಡು ನುಡಿಸುವ ಹವಾಯನ್ ಗಿಟಾರ್, ಆರೇ ತಂತಿ. ನಿನ್ನ ಪೆಡಲ್ ಸ್ಟೀಲ್ ಗಿಟಾರ್‌ಗೆ ಹತ್ತು ತಂತಿ, ನಾಲ್ಕು ಕಾಲು, ಕೆಳಗೆ ಪೆಡಲ್, ಮೊಣಕಾಲಿಗೆ ಲಿವರ್. ದೀಪಾವಳಿಗೆ ಅದನ್ನು ಕಾರಿನಲ್ಲಿ ಹೇರಿಕೊಂಡು ಬಂದಾಗ ಪಕ್ಕದ ಮನೆಯವರು ಹೊಲಿಗೆ ಮೆಷಿನ್ ತಂದಳಾ ಅಂತ ಕೇಳಿದ್ದರು. ನೀನು ಮಲಗಿದ ಮೇಲೆ ನಾನು ಅದರ ಮುಂದೆ ಕೂತು ನೋಡಿದ್ದೇನೆ, ನಿನಗೆ ಹೇಳಿರಲಿಲ್ಲ. ಕೈಗಳಿಗೆ ಅಲ್ಲಿ ಹೊಸದೇನೂ ಇಲ್ಲ. ಹೊಸದೆಲ್ಲ ಕಾಲಿನದು. ಹಾಗಾಗಿ ಕೈಯ ಮಾತು ಧೈರ್ಯವಾಗಿ ಹೇಳುತ್ತೇನೆ, ಕಾಲಿನದು ಕೇಳಿ ತಿಳಿದಷ್ಟು.

ಮೊದಲು ಬಲಗಾಲಿನ ವಾಲ್ಯೂಮ್ ಪೆಡಲ್. ನಿನ್ನ ರೆಕಾರ್ಡಿಂಗ್‌ನಲ್ಲಿ ಸ್ವರ ಸ್ವರಕ್ಕೂ ‘ವಾಂ, ವಾಂ’ ಅಂತ ಉಬ್ಬಿಕೊಂಡು ಬರುತ್ತಿದೆ. ಪೆಡಲ್ ಮುಚ್ಚಿಕೊಂಡು ಮೀಟುತ್ತೀಯ, ಮೀಟಿದ ಕೂಡಲೇ ಒತ್ತುತ್ತೀಯ. ಮೀಟಿದ ಸದ್ದು ಅಡಗಿಹೋಗುತ್ತದೆ ನಿಜ. ಕೇಳುವವರಿಗೆ ಹಿತ ಅನಿಸುವುದೂ ನಿಜ, ಒಂದೆರಡು ನಿಮಿಷ. ಆಮೇಲೆ ತಲೆ ಸುತ್ತುತ್ತದೆ. ಆ ಪೆಡಲ್ ಇರುವುದು ಸ್ವರ ಬೇಗ ಆರದ ಹಾಗೆ ಕಾಯಲಿಕ್ಕೆ. ಮೀಟಿದಾಗ ತಂತಿಯ ಸದ್ದು ಜೋರಾಗಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಅರ್ಧ ತೆರೆದುಕೊಂಡು ಮೀಟು. ಸದ್ದು ಇಳಿದ ಹಾಗೆ ಪಾದ ಅಷ್ಟಷ್ಟೇ ಮುಂದೆ ಹೋಗಲಿ. ಇಳಿದಷ್ಟು ತುಂಬಿಸು, ಅದಕ್ಕಿಂತ ಜಾಸ್ತಿ ಬೇಡ. ಪೂರ್ತಿ ಒತ್ತಿಕೊಂಡೇ ಶುರು ಮಾಡಿದರೂ ಕಷ್ಟ, ತುಂಬಿಸಲಿಕ್ಕೆ ಏನೂ ಉಳಿಯುವುದಿಲ್ಲ.

ಸದ್ಯಕ್ಕೆ ಒಂದಿಷ್ಟು ದಿನ ಅದರ ವೈರನ್ನೇ ಕಿತ್ತಿಡು. ಗಿಟಾರ್‌ನಿಂದ ನೇರ ಆಂಪ್‌ಗೆ ಹಾಕು. ಪ್ರತಿಧ್ವನಿ ಸೇರಿಸುವ ರಿವರ್ಬ್ ಕೂಡ ತೆಗೆ. ಕೇಳಲಿಕ್ಕೆ ಆಗುವುದಿಲ್ಲ, ಗೊತ್ತು. ಆದರೆ ಕೈ ಏನೇನು ಕಿತಾಪತಿ ಮಾಡುತ್ತಿದೆ ಅಂತ ಆಗಲೇ ತಿಳಿಯುವುದು.

ಈಗ ನಿಲ್ಲಿಸುವ ಕೆಲಸಕ್ಕೆ ಬರುತ್ತೇನೆ. ಸಾದಾ ಗಿಟಾರ್‌ನಲ್ಲಿ ಒತ್ತಿದ ಬೆರಳು ಸಡಿಲಿಸಿದರೆ ಸ್ವರ ನಿಂತುಹೋಗುತ್ತದೆ. ಇಲ್ಲಿ ಎಡಗೈಯಲ್ಲಿ ಹಿಡಿದು ಜಾರಿಸುವ ಲೋಹದ ಬಾರ್ ತಂತಿಗಳ ಮೇಲೆ ಕೂತೇ ಇರುತ್ತದೆ, ಮೀಟಿದ ತಂತಿ ತಾನಾಗಿ ನಿಲ್ಲುವುದಿಲ್ಲ. ಐದನೇ ತಂತಿ ಮೀಟಿ ನಾಲ್ಕಕ್ಕೆ ಹೋದರೆ ಎರಡೂ ಕೂಡಿ ಗುಂಯ್‌ಗುಡುತ್ತವೆ. ಬಾರ್ ಸರಿಸಿದರೆ ಹಳೇ ಸ್ವರವೂ ಜತೆಗೆ ಜಾರಿಕೊಂಡು ಬರುತ್ತದೆ. ನೀನು ಕಳಿಸಿದ್ದರಲ್ಲಿ ನಡುನಡುವೆ ಎಲ್ಲಾ ಕಲಸಿಹೋದ ಹಾಗೆ ಕೇಳುತ್ತದಲ್ಲ, ಅದು ಇದೇ.

ಅದಕ್ಕೆ ಅಂಗೈ ಬೇಕು. ಬಲಗೈಯಲ್ಲಿ ಕಿರುಬೆರಳ ಕಡೆಯ ಅಂಚು, ಮೆತ್ತಗೆ ಮಾಂಸ ಇರುವ ಭಾಗ, ತಂತಿಗಳ ಮೇಲೆ ಒರಗಿರಲಿ. ಮೀಟುವಾಗ ಕೂದಲೆಳೆಯಷ್ಟು ಎತ್ತು, ಸ್ವರ ಮುಗಿಯಬೇಕಾದಲ್ಲಿ ಇಳಿಸು. ಇನ್ನೊಂದು ದಾರಿಯೂ ಇದೆ. ಮುಂದಿನ ತಂತಿ ಮೀಟುವ ಹೊತ್ತಿಗೆ, ಹಿಂದಿನದನ್ನು ಮೀಟಿದ ಬೆರಳನ್ನೇ ಅದರ ಮೇಲೆ ವಾಪಸ್ ಇಡುವುದು. ಅಮೆರಿಕದವರು ಮೊದಲನೆಯದಕ್ಕೆ ಪಾಮ್ ಬ್ಲಾಕಿಂಗ್ ಅಂತಾರೆ, ಎರಡನೆಯದಕ್ಕೆ ಪಿಕ್ ಬ್ಲಾಕಿಂಗ್. ದ್ರುತ ನುಡಿಸಲಿಕ್ಕೆ ಎರಡನೆಯದು ಚೆಂದ. ಆದರೆ ಬೆರಳಿಗೆ ಮೀಟುವ ಲೋಹದ ಉಗುರು, ಅದೇ ಪಿಕ್, ಹಾಕಿರುತ್ತೀಯ, ಕುಣಿಯುತ್ತಿರುವ ತಂತಿಗೆ ಅದು ತಾಗಿದರೆ ‘ಟಿಚ್’ ಅನ್ನುತ್ತದೆ. ಅದು ಆಮೇಲೆ ನೋಡೋಣ. ಮೊದಲು ಅಂಗೈಗೆ ಹದ ಬರಲಿ.

ಇದಕ್ಕೆ ದೊಡ್ಡ ಪಾಠ ಬೇಡ. ಒಂದೇ ತಂತಿ, ಒಂದೇ ಫ್ರೆಟ್, ಅಂದರೆ ಸ್ವರದ ಒಂದೇ ಗೆರೆ. ಲಯ ಬಡಿಯುವ ಮೆಟ್ರೋನೋಮ್ ನಿಮಿಷಕ್ಕೆ 60ಕ್ಕೆ ಇಡು. ಒಂದು ಮಾತ್ರೆ ಸ್ವರ, ಒಂದು ಮಾತ್ರೆ ಖಾಲಿ. ಖಾಲಿ ಮಾತ್ರೆಯಲ್ಲಿ ಏನೂ ಕೇಳಬಾರದು. ಅಂಗೈ ಬಿದ್ದ ಸದ್ದು, ಪಕ್ಕದ ತಂತಿಯ ಗುಸುಗುಸು, ಯಾವುದೂ. ಅದು ಸಾಧಿಸಿದ ಮೇಲೆ ಐದು, ನಾಲ್ಕು, ಐದು, ನಾಲ್ಕು. ಒಂದು ನಿಂತಲ್ಲೇ ಇನ್ನೊಂದು ಹುಟ್ಟಬೇಕು. ನಡುವೆ ಸಂದು ಬಿಡಬಾರದು, ಒಂದರ ಮೇಲೊಂದು ಏರಲೂಬಾರದು. ಬೇಸರ ಬರುತ್ತದೆ, ಬರಲಿ. ಹಾಡುವವರು ಬೆಳಗಿನ ಜಾವ ಮಂದ್ರದ ಒಂದು ಸಾ ಹಿಡಿದು ಗಂಟೆಗಟ್ಟಲೆ ಕೂರುವ ಊರಿನಲ್ಲಿ ಹುಟ್ಟಿದವಳು ನೀನು, ನಿನಗೆ ಇದು ಹೊಸ ಕಷ್ಟ ಏನಲ್ಲ.

ಸ್ವರ ಎಲ್ಲಿ ನಿಲ್ಲಿಸಬೇಕು ಅನ್ನುವುದು ತಂತಿಗೆ ಗೊತ್ತಿಲ್ಲ, ಗಂಟಲಿಗೆ ಗೊತ್ತು. ನುಡಿಸುವ ಮೊದಲು ಆ ಸಾಲನ್ನು ಒಮ್ಮೆ ಹಾಡಿಕೋ. ಎಲ್ಲಿ ಉಸಿರು ತಗೊಂಡೆಯೋ ಅಲ್ಲಿ ಅಂಗೈ ಇಳಿಯಬೇಕು. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಿದ್ದರಲ್ಲ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಅವರ ವಿಲಂಬಿತ ಹಾಕಿಕೊಂಡು ಕೇಳು. ರಾಗ ಯಾವುದು, ಬಂದಿಶ್ ಯಾವುದು ಅಂತ ಯೋಚಿಸಬೇಡ. ಒಂದೊಂದು ಸ್ವರವನ್ನು ಅವರು ಹೇಗೆ ಬಿಟ್ಟುಕೊಡುತ್ತಾರೆ, ಅದನ್ನಷ್ಟೇ ಕೇಳು. ನಿನ್ನ ಅಮೆರಿಕದ ಕಂಟ್ರಿ ಹಾಡಿಗೂ ಅದೇ ಬೇಕಾಗುವುದು.

ಬಲಗೈ ಬಗ್ಗೆ ಇನ್ನೊಂದೇ ಮಾತು. ತಂತಿ ಕೂರುವ ಬಲತುದಿಯ ಬ್ರಿಡ್ಜ್ ಹತ್ತಿರ ಮೀಟುತ್ತಿದ್ದೀಯ, ಅದಕ್ಕೇ ಕೀರಲು. ಫ್ರೆಟ್ ಪಟ್ಟಿ ಮುಗಿಯುವ ಕಡೆಗೆ ಕೈ ಸರಿಸು, ಸ್ವರ ದುಂಡಗಾಗುತ್ತದೆ. ತಂತಿಯನ್ನು ಮೇಲಕ್ಕೆ ಕೊಕ್ಕೆ ಹಾಕಿ ಎಳೆಯಬೇಡ. ಬೆರಳು ಅಂಗೈ ಕಡೆಗೆ ಮಡಚಲಿ, ಸಾಕು.

ಎಡಗೈಯಲ್ಲಿ ಬಾರ್ ಬಿಗಿಯಾಗಿ ಹಿಡಿಯುತ್ತೀಯ. ದೀಪಾವಳಿಯಲ್ಲೇ ನೋಡಿದ್ದೆ, ಹೆಬ್ಬೆರಳ ಉಗುರು ಬೆಳ್ಳಗಾಗಿತ್ತು. ಹತ್ತು ತಂತಿಯ ಬಾರ್ 200 ಗ್ರಾಂಗಿಂತ ಜಾಸ್ತಿಯೇ ತೂಗುತ್ತದೆ. ಆ ಭಾರವೇ ಸಾಕು. ಮೇಲಿಂದ ನೀನೂ ಒತ್ತಿದರೆ ತಂತಿ ಬಾಗಿ ಸ್ವರ ಏರುತ್ತದೆ. ಉಂಗುರದ ಬೆರಳು, ಕಿರುಬೆರಳು ಎರಡೂ ಬಾರ್‌ನ ಹಿಂದೆ ತಂತಿಗಳ ಮೇಲೆ ಚಪ್ಪಟೆಯಾಗಿ ಮಲಗಿರಬೇಕು. ಅವು ಎದ್ದವೋ, ಬಾರ್‌ನ ಆಚೆ ಕಡೆಯ ತಂತಿ ತನ್ನದೇ ರಾಗ ತೆಗೆಯುತ್ತದೆ. ಬಾರ್ ಸರಿಸಿದಾಗಲೆಲ್ಲ ಬರುವ ಸರ್ ಸರ್ ಸದ್ದೂ ಈ ಎರಡು ಬೆರಳಿಂದಲೇ ಕಡಿಮೆಯಾಗುವುದು.

ಇನ್ನು ನಿನ್ನ ಕಂಪನ. ಸ್ವರ ಹುಟ್ಟುವ ಮೊದಲೇ ಕೈ ನಡುಗಲಿಕ್ಕೆ ಶುರು. ಹಾಗೆ ಮಾಡಿದರೆ ಸ್ವರ ಸರಿ ಇದೆಯೋ ಇಲ್ಲವೋ ನಿನಗೇ ತಿಳಿಯುವುದಿಲ್ಲ, ಅಲ್ವಾ? ಮೊದಲು ನೆಟ್ಟಗೆ ನಿಲ್ಲಿಸು. ನಿಂತಿತು ಅನಿಸಿದ ಮೇಲೆ ಬಾರನ್ನು ಅಲ್ಲಲ್ಲೇ ಸಣ್ಣಗೆ ಉರುಳಿಸು. ಉಜ್ಜಬೇಡ, ಉರುಳಿಸು. ಕಣ್ಣಿನದೂ ಒಂದು ಮೋಸ ಇದೆ. ಈ ವಾದ್ಯದಲ್ಲಿ ಫ್ರೆಟ್ ಅನ್ನುವುದು ಬರೀ ಗೆರೆ. ಓರೆಯಾಗಿ ನೋಡಿದರೆ ಬಾರ್ ಗೆರೆಯ ಮೇಲಿದ್ದ ಹಾಗೇ ಕಾಣುತ್ತದೆ, ಇರುವುದಿಲ್ಲ. ಮೇಲಿನ ಫ್ರೆಟ್‌ಗಳಿಗೆ ಹೋದಾಗ ತಲೆಯೂ ಆ ಕಡೆ ಬರಲಿ. ಆಮೇಲೆ ದೀಪ ಆರಿಸಿ ಕಿವಿ ಒಂದನ್ನೇ ನಂಬಿ ನುಡಿಸಿ ನೋಡು.

ಶ್ರುತಿಯ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಓದು. ಟ್ಯೂನರ್‌ನಲ್ಲಿ ಹತ್ತೂ ತಂತಿಗೆ ಮುಳ್ಳು ನಡುವಿಗೆ ತಂದು ನಿಲ್ಲಿಸಿದ್ದೀಯ. ಆದರೂ ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ, ನುಡಿಸಿದರೆ ಏನೋ ಕೆರೆದ ಹಾಗೆ ಅನಿಸುತ್ತದೆ ಅಂದಿದ್ದೆ. ಕೆರೆಯಲೇಬೇಕು. ನಿನ್ನ ಇ9 ಶ್ರುತಿಯಲ್ಲಿ ಇ ಅನ್ನು ಸಾ ಅಂದುಕೋ. ಆಗ ಮೂರನೇ ತಂತಿ, ಆರನೇ ತಂತಿ ಎರಡೂ ಗಾಂಧಾರ. ಟ್ಯೂನರ್ ತೋರಿಸುವುದು ಹಾರ್ಮೋನಿಯಂನ ಗಾಂಧಾರ. ತಂಬೂರಿಯ ಖರ್ಜದ ತಂತಿ ಮೀಟಿದಾಗ ತಾನಾಗೇ ಕೇಳಿಬರುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್, ಅಂದರೆ ಇದು ಅದರ ಏಳನೇ ಒಂದು ಪಾಲು. ಕೇಳಲಿಕ್ಕೆ ಸಣ್ಣದು. ಆದರೆ ಆಂಪ್‌ನಲ್ಲಿ ಉದ್ದಕ್ಕೆ ನಿಲ್ಲುವ ಕಾರ್ಡ್‌ನಲ್ಲಿ ಇದೇ ಎದ್ದು ಚುಚ್ಚುತ್ತದೆ. ಪೆಡಲ್ ಸ್ಟೀಲ್‌ನವರು ಸುಮಾರು ಜನ ಈ ತಂತಿಗಳನ್ನು ಟ್ಯೂನರ್‌ನ ಸೊನ್ನೆಗಿಂತ ಕೆಳಗೇ ಕೂರಿಸುತ್ತಾರೆ. ತಂಬೂರಿ ಆಪ್ ಹಾಕಿಕೊಂಡು ಎಂಟನೇ ತಂತಿಯ ಜತೆ ಆರನೆಯದನ್ನು ಮೀಟು, ಅಲೆ ಅಲೆಯಾಗಿ ಬಡಿಯುವುದು ನಿಲ್ಲುವ ತನಕ ಇಳಿಸು. ಕೀಬೋರ್ಡ್ ಜತೆಗೆ ನುಡಿಸುವ ದಿನ ಅರ್ಧಕ್ಕೆ ರಾಜಿ ಮಾಡಿಕೊಳ್ಳಬೇಕಾಗುತ್ತದೆ, ಅದು ಬೇರೆ ಮಾತು.

ಇದೇ ಲೆಕ್ಕದಲ್ಲಿ ನಿನ್ನ ಎಡಗಾಲಿನ ಪೆಡಲ್ ನೋಡು. ಎ ಪೆಡಲ್ ಒತ್ತಿದರೆ ಬಿ ತಂತಿಗಳು ಸಿ ಶಾರ್ಪ್ ಆಗುತ್ತವೆ, ಅಂದರೆ ಪ ಹೋಗಿ ಧ. ಬಿ ಪೆಡಲ್ ಒತ್ತಿದರೆ ಗ ಹೋಗಿ ಮ. ಎರಡೂ ಒತ್ತಿದರೆ ಸಾ ನಿಂತಲ್ಲೇ ನಿಂತಿರುತ್ತದೆ, ಅದರ ಪಕ್ಕದಲ್ಲಿ ಎರಡು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಒಟ್ಟಿಗೆ ಏರುತ್ತವೆ. ನನ್ನ ಆರು ತಂತಿಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಬಾರ್ ಎಳೆದರೆ ಎಲ್ಲಾ ಸ್ವರವೂ ಒಟ್ಟಿಗೆ ಹೊರಟುಬಿಡುತ್ತಿದ್ದವು. ಆ ರಾತ್ರಿ ಇದನ್ನು ಒತ್ತಿ ನೋಡಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು.

ನೀನು ಮಾತ್ರ ಅದನ್ನು ಸ್ವಿಚ್ ಹಾಕಿದ ಹಾಗೆ ಒತ್ತುತ್ತೀಯ. ಗ ಇತ್ತು, ಟಕ್, ಮ ಆಯಿತು. ನಡುವಿನ ದಾರಿ ಎಲ್ಲಿ ಹೋಯಿತು? ಹಿಮ್ಮಡಿ ನೆಲದ ಮೇಲಿರಲಿ, ಕೀಲು ಮಾತ್ರ ಆಡಲಿ. ನಾಲ್ಕು ಮಾತ್ರೆ ಹಿಡಿದು ಒತ್ತು, ನಾಲ್ಕು ಮಾತ್ರೆ ಹಿಡಿದು ಬಿಡು. ಬಿಡುವಾಗ ಜಾಸ್ತಿ ಗಮನ ಕೊಡು, ಎಲ್ಲರೂ ಅಲ್ಲೇ ಧಡಕ್ಕನೆ ಕಾಲು ಎತ್ತುವುದು. ಕೆಳಗೆ ತಾಗಿ ನಿಲ್ಲುವ ಜಾಗಕ್ಕೆ ಬರುವ ಮೊದಲೇ ವೇಗ ಕಡಿಮೆ ಮಾಡು, ಆಗ ಆ ‘ಟಕ್’ ಕೇಳುವುದಿಲ್ಲ. ಹೀಗೆ ಸ್ವರ ಕೇಳುತ್ತಿರುವಾಗಲೇ ಪೆಡಲ್ ಒತ್ತುವ ಚಾಳಿ ಅಮೆರಿಕದ ಬಡ್ ಐಸಾಕ್ಸ್ ನುಡಿಸಿದ ಒಂದು ಹಾಡು 1954ರಲ್ಲಿ ಹಿಟ್ ಆದ ಮೇಲೆ ಹಬ್ಬಿತು. ಪೆಡಲ್ ಮೊದಲೂ ಇತ್ತು, ಬರೀ ಶ್ರುತಿ ಬದಲಿಸಲಿಕ್ಕೆ.

ಪೆಡಲ್ ಸ್ಟೀಲ್ ನುಡಿಸುತ್ತಿದ್ದ ನಿನ್ನ ಆ ಬಡಿ ಎಮನ್ಸ್ ಹುಟ್ಟಿದ್ದು 1937ರಲ್ಲಿ. ನಮ್ಮ ಬ್ರಿಜ್ ಭೂಷಣ್ ಕಾಬ್ರಾ ಹುಟ್ಟಿದ್ದೂ ಅದೇ ವರ್ಷ, ಜೋಧಪುರದಲ್ಲಿ. ಒಬ್ಬರು ಪೆಡಲ್ ಹಚ್ಚಿದ ಸ್ಟೀಲ್ ಗಿಟಾರ್‌ನಲ್ಲಿ ಕಾರ್ಡ್ ಬೆಳೆಸಿದರು. ಇನ್ನೊಬ್ಬರು ಅಲಿ ಅಕ್ಬರ್ ಖಾನರ ಹತ್ತಿರ ಕಲಿತು ಇದೇ ಸ್ಟೀಲ್ ಗಿಟಾರ್‌ನಲ್ಲಿ ಆಲಾಪ ಕಟ್ಟಿದರು. ಹವಾಯಿಯ ಒಂದೇ ಬೇರು, ಜೋಸೆಫ್ ಕೆಕುಕು ಅನ್ನುವ ಹುಡುಗ 19ನೇ ಶತಮಾನದ ಕೊನೆಯಲ್ಲಿ ತಂತಿಯ ಮೇಲೆ ಕಬ್ಬಿಣ ಜಾರಿಸಿ ಹುಟ್ಟಿಸಿದ್ದು. ಇಬ್ಬರನ್ನೂ ಒಂದೇ ಸಂಜೆ ಹಾಕಿಕೊಂಡು ಕೇಳು. ನನಗೆ ಕೇಳಿದರೆ ಕಾಬ್ರಾ ಮೇಲು ಅಂತೀನಿ, ನೀನು ಜಗಳಕ್ಕೆ ಬರುತ್ತೀಯ.

ಬಾರ್ ಮೇಲೆ ಉಗುರು ಓಡಿಸಿ ನೋಡು. ಎಲ್ಲಾದರೂ ಸಣ್ಣ ಕಚ್ಚು ಸಿಕ್ಕರೆ ಅದು ತಂತಿಗೆ ಗೀರುತ್ತಿರುತ್ತದೆ, ಬಾರ್ ಬದಲಿಸು. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಅದಕ್ಕೆ ಮಾಡು. ಮೂರನೇ ತಂತಿ ಪದೇ ಪದೇ ಹರಿಯುತ್ತದೆ ಅಂದೆಯಲ್ಲ, ಅದು ಎಲ್ಲರಿಗೂ ಹರಿಯುವುದೇ. ತೆಳ್ಳಗಿನ ತಂತಿ, ಅದನ್ನು ಬಿಗಿದು ಮೇಲೆ ಪೆಡಲ್‌ನಿಂದ ಮತ್ತೂ ಎಳೆಯುತ್ತೀಯ. ಅದಕ್ಕೆ ಅಮೆರಿಕದಿಂದ ಪೂರ್ತಿ ಸೆಟ್ ತರಿಸಬೇಕಾಗಿಲ್ಲ. 11 ಗೇಜಿನ ಸಾದಾ ಉಕ್ಕಿನ ಗಿಟಾರ್ ತಂತಿ ನಡೆಯುತ್ತದೆ, ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಶನಿವಾರ ನಿನ್ನ ಕಾಕಾ ಬೆಂಗಳೂರಿಗೆ ಹೊರಟಿದ್ದಾನೆ. ಒಂದಿಷ್ಟು ತಂತಿ, ಲೈನ್ ಬಜಾರ್ ಪೇಢೆ ಅವನ ಕೈಯಲ್ಲಿ ಕಳಿಸುತ್ತೇನೆ. ಪೇಢೆ ತಿಂದ ಕೈಯಲ್ಲಿ ಬಾರ್ ಮುಟ್ಟಬೇಡ. ಮುಂದಿನ ರೆಕಾರ್ಡಿಂಗ್ ಕಳಿಸುವಾಗ ರಿವರ್ಬ್ ಇರಬಾರದು, ಹಾಡೂ ಬೇಡ. ಐದು, ನಾಲ್ಕು, ಐದು, ನಾಲ್ಕು, ಅಷ್ಟೇ ಕಳಿಸು.

ನಿನ್ನ ಅವ್ವ